ಗ್ರೀಕರ ಪುರಪ್ರತಿಷ್ಠೆಯೂ ಭೂವಿಭಾಗವೂ

ಸಂಸ್ಕೃತದ 'ಪುರ' ಶಬ್ದವೂ ಗ್ರೀಕರ 'ಪೋಲಿಸ್' ಶಬ್ದವೂ ಒಂದೇ ಮೂಲದಿಂದ ಹುಟ್ಟಿದವು ಎಂಬುದು ಭಾಷಾಶಾಸ್ತ್ರಜ್ಞರ ಮತ. ಎರಡಕ್ಕೂ ಆದಿಯಲ್ಲಿ ಕೋಟೆಯೆಂಬ ಅರ್ಥವೇ ಇದ್ದಂತೆ ತೋರುವುದು. ಆದರೆ ಕಾಲಕ್ರಮದಲ್ಲಿ ಗ್ರೀಕರ ಬಾಯಲ್ಲಿ ಆ ಶಬ್ದವು ಕಲ್ಲುಮಣ್ಣಿನ ಅರ್ಥಕ್ಕಿಂತ ಹೆಚ್ಚಾಗಿ, ಒಂದು ಕಟ್ಟಳೆಗೆ ಒಳಪಟ್ಟು ಒಂದು ನೆಲವನ್ನು ಹಂಚಿಕೊಂಡು ಬಾಳುವ ಜನಸಮುದಾಯವೆಂಬ ಅರ್ಥವನ್ನು ಪಡೆಯಿತು. ಕ್ರಿ. ಪೂ. 8ನೆಯ ಶತಮಾನದ ನಡುಗಾಲದಿಂದ ಸುಮಾರು 200 ವರ್ಷಗಳವರೆಗೆ ಈ ಜನ ತಮ್ಮ ಇಕ್ಕಟ್ಟಾದ ದ್ವೀಪಗಳನ್ನೂ ಕಣಿವೆಗಳನ್ನೂ ಬಿಟ್ಟು, ಪಶ್ಚಿಮದಲ್ಲಿ ಸ್ಪೇನಿನ ತೀರದಿಂದ ಪೂರ್ವದಲ್ಲಿ ಕಪ್ಪುಸಮುದ್ರದ ಅಂಚಿನವರೆಗೆ ಹೊಸ ಪುರಗಳನ್ನು ಸ್ಥಾಪಿಸುತ್ತ ಹೋದರು. ಫ್ರಾನ್ಸಿನ ಮಾರ್ಸೇ, ಇಟಲಿಯ ನೇಪಲ್ಸ್, ಇಂದು ಇಸ್ತಾಂಬುಲ್ ಎನಿಸಿಕೊಂಡಿರುವ ಬೈಜಾಂಟಿಯಂ, ಇವೆಲ್ಲವೂ ಹಾಗೆ ಹುಟ್ಟಿದ ಊರುಗಳು.

ಇಂದಿನ ವಿದ್ಯಾವಂತರ ಮನೆಗಳಲ್ಲಿ ಬಾಲಕರು ಇಂತಹ ಪುರಗಳನ್ನು ಗಣಕಯಂತ್ರದ ತೆರೆಯ ಮೇಲೆ ಕಟ್ಟುವುದುಂಟು. 2000ದಲ್ಲಿ ಪ್ರಕಟವಾದ 'ಜ್ಯೂಸ್: ಮಾಸ್ಟರ್ ಆಫ್ ಒಲಿಂಪಸ್' ಎಂಬ ಆಟವು ಈ ಬಗೆಯವುಗಳಲ್ಲಿ ಪ್ರಸಿದ್ಧವಾದುದು. ಮೊದಲು ಬೀದಿಯನ್ನು ಎಳೆಯಬೇಕು, ಬೀದಿಯ ಬದಿಗೆ ಮನೆಗಳನ್ನು ಇಡಬೇಕು, ಮನೆಗಳಿಗೆ ನೀರನ್ನು ಒದಗಿಸಬೇಕು, ಬಳಿಕ ಕಣಜವನ್ನೂ ಸಂತೆಯನ್ನೂ ನೋಡಿಕೊಳ್ಳಬೇಕು. ಬೊಕ್ಕಸ ತುಂಬುವವರೆಗೆ ದೊಡ್ಡ ದೇಗುಲಕ್ಕೆ ಕೈಹಾಕಬಾರದು. ಆಟದಲ್ಲಿ ಪಳಗಿದವರು ಹೊಸಬರಿಗೆ ಮಾಡುವ ಉಪದೇಶ ಬಹುಮಟ್ಟಿಗೆ ಇದೇ. ಉಪದೇಶವು ಯುಕ್ತವಾದುದೇ ಸರಿ. ಗ್ರೀಕರೇ ಕೇಳಿದ್ದರೂ ತಲೆದೂಗುತ್ತಿದ್ದರು. ಆದರೆ ಬೀದಿಗೂ ಮನೆಗೂ ಮುಂಚೆ ಅವರಲ್ಲಿ ಮತ್ತೊಂದು ಕಾರ್ಯ ನಡೆಯಬೇಕಾಗಿದ್ದಿತು. ಅದು ನೆಲದ ಪಾಲು. ಯಾರಿಗೆ ಎಷ್ಟು, ಯಾರಿಗೆ ಎಲ್ಲಿ, ತಡವಾಗಿ ಬಂದವನಿಗೆ ಏನು, ಎಂಬ ಪ್ರಶ್ನೆಗಳಿಗೆ ದೊರೆತ ಉತ್ತರದ ಮೇಲೆ ಆ ಪುರಗಳ ಅಳಿವು ಉಳಿವು ನಿಂತಿದ್ದಿತೆಂಬುದಕ್ಕೆ ಇತಿಹಾಸದಲ್ಲಿ ಬೇಕಾದಷ್ಟು ಸಾಕ್ಷ್ಯವಿದೆ.

ಹೊಸ ಪುರವನ್ನು ಕಟ್ಟಲು ಹೊರಡುವ ತಂಡಕ್ಕೆ ಒಬ್ಬ ನಾಯಕನಿರುವನು. ಗ್ರೀಕರು ಅವನನ್ನು 'ಓಯಿಕಿಸ್ತೇಸ್' ಎಂದು ಕರೆದರು, ಪುರಪ್ರತಿಷ್ಠಾಪಕನೆಂದರೆ ಸಲ್ಲುವುದು. ಅವನು ಡೆಲ್ಫಿ ಕ್ಷೇತ್ರದಲ್ಲಿ ಅಪೋಲೋ ದೇವರ ಅಪ್ಪಣೆಯನ್ನು ಕೇಳುವನು. ಮಾತೃನಗರದ ಅಗ್ನಿಕುಂಡದಿಂದ ಬೆಂಕಿಯನ್ನು ಒಯ್ದು ಹೊಸ ನೆಲದಲ್ಲಿ ಪ್ರತಿಷ್ಠಿಸುವ ಸಂಪ್ರದಾಯವೂ ಇದ್ದಿತು. ದೇವರಿಗೆ ಮೀಸಲಾದ ಜಾಗಗಳನ್ನು ಗುರುತಿಸುವವನು, ಹೊಲಗಳನ್ನು ಹಂಚಿಸುವವನು ಅವನೇ. ಸತ್ತ ಮೇಲೆ ಅವನಿಗೆ ವೀರಪೂಜೆ ಸಲ್ಲುವುದು. ಗೋರಿಗಳೆಲ್ಲ ಊರ ಹೊರಗಿರಬೇಕೆಂಬ ಕಟ್ಟು ಸಾಮಾನ್ಯವಾಗಿದ್ದರೂ ಕಿರೇನೆ ನಗರದಲ್ಲಿ ಪ್ರತಿಷ್ಠಾಪಕನಾದ ಬಾಟ್ಟೋಸನ ಸಮಾಧಿ ಊರ ನಡುವಣ ಸಭಾಸ್ಥಳದಲ್ಲಿಯೇ ಇದ್ದಿತು.

ಆ ಕಿರೇನೆಯ ಕಥೆಯನ್ನೇ ಸ್ವಲ್ಪ ವಿಸ್ತಾರವಾಗಿ ನೋಡಬಹುದು. ಪುರವನ್ನು ಕಟ್ಟಲು ಹೊರಟವರೆಲ್ಲ ಉತ್ಸಾಹದಿಂದ ಹೊರಟರೆಂಬ ಭ್ರಮೆಯನ್ನು ಅದು ಕಳೆಯುವುದು. ಥೇರಾ ಎಂಬುದು ಏಜಿಯನ್ ಸಮುದ್ರದ ಒಂದು ಪುಟ್ಟ ದ್ವೀಪ. ಲಿಬಿಯಾದಲ್ಲಿ ಪುರವನ್ನು ಕಟ್ಟಿರೆಂದು ಡೆಲ್ಫಿಯಲ್ಲಿ ಅಪ್ಪಣೆಯಾದರೂ ಅಲ್ಲಿನವರು ಅದನ್ನು ಲೆಕ್ಕಿಸಲಿಲ್ಲ. ಲಿಬಿಯಾ ಎಲ್ಲಿದೆಯೆಂಬುದೇ ಅವರಿಗೆ ತಿಳಿಯದು. ಆಗ ಏಳು ವರ್ಷ ಮಳೆಯಾಗಲಿಲ್ಲ. ದ್ವೀಪದ ಮರಗಳಲ್ಲಿ ಒಂದನ್ನುಳಿದು ಎಲ್ಲವೂ ಒಣಗಿದುವೆಂದು ಹೆರೊಡೋಟಸನು ಬರೆದಿರುವನು. ಕಡೆಗೆ, ಒಡಹುಟ್ಟಿದವರಲ್ಲಿ ಒಬ್ಬನನ್ನು ಚೀಟಿಯೆತ್ತಿ ಆರಿಸಿ, ಐವತ್ತು ಹುಟ್ಟುಗಳ ಎರಡು ಹಡಗುಗಳಲ್ಲಿ ಬಾಟ್ಟೋಸನ ನಾಯಕತ್ವದಲ್ಲಿ ಕಳುಹಿಸಿದರು. ಇದು ನಡೆದುದು ಕ್ರಿ. ಪೂ. 630ರ ಸುಮಾರಿಗೆ. ಹೋದವರು ನೆಲೆ ಕಾಣದೆ ಹಿಂದಿರುಗಿ ಬಂದಾಗ ಊರಿನವರು ಅವರ ಮೇಲೆ ಕಲ್ಲು ಮೊದಲಾದುವನ್ನು ಬೀಸಿ, ದಡಕ್ಕೆ ಇಳಿಯಗೊಡದೆ ಮರಳಿ ಅಟ್ಟಿದರು. ಬಂದವರು ಪರರಲ್ಲ, ಚೀಟಿಯಲ್ಲಿ ಹೆಸರು ಬಂದ ಅಣ್ಣತಮ್ಮಂದಿರು.

ಕಿರೇನೆಯಲ್ಲಿ ದೊರೆತ ಕ್ರಿ. ಪೂ. 4ನೆಯ ಶತಮಾನದ ಶಿಲಾಶಾಸನವೊಂದು ಆ ಪ್ರಯಾಣದ ಪ್ರತಿಜ್ಞೆಯನ್ನು ನಿರೂಪಿಸುವುದು. ಮೂಲದ ಮಾತುಗಳು ಅದರಲ್ಲಿ ಎಷ್ಟರಮಟ್ಟಿಗೆ ಉಳಿದಿವೆಯೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಮತಭೇದವುಂಟು. ಹೋಗಲೊಲ್ಲದವನಿಗೆ ಮರಣದಂಡನೆ, ಅವನ ಆಸ್ತಿ ಊರಿನ ಪಾಲು, ಅವನನ್ನು ಬಚ್ಚಿಟ್ಟವನು ತಂದೆಯಾಗಲಿ ಒಡಹುಟ್ಟಿದವನಾಗಲಿ ಅವನಿಗೂ ಅದೇ ಶಿಕ್ಷೆ. ಮೇಣದ ಬೊಂಬೆಗಳನ್ನು ಮಾಡಿ ಬೆಂಕಿಯಲ್ಲಿ ಕರಗಿಸಿ, ಮಾತು ಮುರಿದವನು ಹೀಗೆಯೇ ಕರಗಿಹೋಗಲೆಂದು ಗಂಡಸರೂ ಹೆಂಗಸರೂ ಮಕ್ಕಳೂ ನೆರೆದು ಶಪಿಸಿದರಂತೆ. ಐದು ವರ್ಷ ಹೆಣಗಿಯೂ ನೆಲೆನಿಲ್ಲಲಾಗದಿದ್ದರೆ ನಿರ್ಭಯವಾಗಿ ಹಿಂದಿರುಗಬಹುದೆಂಬ ಒಂದು ಅವಕಾಶವೂ ಅದರಲ್ಲಿದೆ. ಹಾಗಿದ್ದರೆ ಅವರಿಗೆ ಕಲ್ಲೇಟೇಕೆ ಬಿದ್ದಿತು? ಐದು ವರ್ಷ ತುಂಬುವ ಮುಂಚೆ ಬಂದರೆಂದು ತಿಳಿದರೆ ಎರಡು ಹೇಳಿಕೆಗಳೂ ಹೊಂದಿಕೊಳ್ಳುವುವು. ಬರಗಾಲದ ದ್ವೀಪದಲ್ಲಿ ಹಿಂದಿರುಗಿದವನ ಬಾಯಿಗೆ ಕೊಡಬೇಕಾದ ತುತ್ತು ಮನೆಯಲ್ಲಿ ಉಳಿದವನ ಬಾಯಿಂದಲೇ ಬರಬೇಕಷ್ಟೆ.

ಆ ಮೇಲೆ ಅವರು ತೀರದ ಬಳಿಯ ಪ್ಲಾಟೇಯಾ ಎಂಬ ನಡುಗಡ್ಡೆಯಲ್ಲಿ ಎರಡು ವರ್ಷವನ್ನೂ ಎದುರಿನ ಅಜಿರಿಸ್ ಎಂಬೆಡೆಯಲ್ಲಿ ಆರು ವರ್ಷವನ್ನೂ ಕಳೆದರು. ಏಳನೆಯ ವರ್ಷ ಲಿಬಿಯಾದ ಜನರೇ ಮುಂದಾಗಿ, ಇದಕ್ಕಿಂತ ಒಳ್ಳೆಯ ಎಡೆಯನ್ನು ತೋರಿಸುವೆವೆಂದು ಅವರನ್ನು ಕರೆದೊಯ್ದರು. ದಾರಿಯಲ್ಲಿ ಇರಾಸಾ ಎಂಬ ಅತ್ಯುತ್ತಮವಾದ ನೆಲವನ್ನು ಮಾತ್ರ ಇವರ ಕಣ್ಣಿಗೆ ಬೀಳದಂತೆ, ಹೊತ್ತನ್ನು ಲೆಕ್ಕಹಾಕಿ ರಾತ್ರಿಯಲ್ಲಿ ದಾಟಿಸಿದರು. ಲಿಬಿಯಾದವರ ಜಾಣತನ ಮೆಚ್ಚತಕ್ಕದ್ದೇ. ಕಡೆಗೆ ಒಂದು ಊಟೆಯ ಬಳಿ ನಿಲ್ಲಿಸಿ, ಇಲ್ಲಿ ಆಕಾಶಕ್ಕೆ ತೂತು ಬಿದ್ದಿದೆಯೆಂದರು. ಅಂದರೆ ಮಳೆ ಧಾರಾಳವೆಂದು ಅರ್ಥ. ಏಳು ವರ್ಷದ ಬರವನ್ನು ಉಂಡುಬಂದವರಿಗೆ ಇದಕ್ಕಿಂತ ಹೆಚ್ಚಿನ ಸ್ಥಳಲಕ್ಷಣ ಬೇಕಾಗಿರಲಿಲ್ಲ. ಆ ಊಟೆಯ ಬಳಿಯಲ್ಲಿ ಕಿರೇನೆ ಎದ್ದಿತು.

ನೆಲವು ದೊರೆತ ಮೇಲೆ ಹಂಚಿಕೆ. ಹಂಚಿಕೆಯ ಚೀಟಿಗೂ ಹಂಚಿ ಬಂದ ಹೊಲಕ್ಕೂ ಗ್ರೀಕಿನಲ್ಲಿ ಒಂದೇ ಹೆಸರು, 'ಕ್ಲೇರೋಸ್'. ಸಂಸ್ಕೃತವನ್ನು ಬಲ್ಲವರಿಗೆ ಇಲ್ಲಿ 'ಭಾಗ', 'ಭಾಗ್ಯ' ಎಂಬ ಜೋಡಿಶಬ್ದಗಳ ನೆನಪಾಗುವುದು ಸಹಜ. ಹೋಮರನ ಒಡಿಸ್ಸಿ ಕಾವ್ಯದಲ್ಲಿ ನೌಸಿಥೂಸನೆಂಬ ಅರಸನು ತನ್ನ ಜನವನ್ನು ಹೊಸ ನೆಲಕ್ಕೆ ಕರೆತಂದು ಮಾಡಿದ ಕಾರ್ಯಗಳು ನಾಲ್ಕೇ ನಾಲ್ಕು: ಊರಿಗೆ ಗೋಡೆ, ಜನರಿಗೆ ಮನೆ, ದೇವರಿಗೆ ಗುಡಿ, ಉಳುವ ಭೂಮಿಯ ಹಂಚಿಕೆ. ಹೊಲದ ಪಾಲು ಹಡಗು ಹೊರಡುವ ಹೊತ್ತಿಗೇ ನಿಶ್ಚಿತವಾಗಿರುತ್ತಿದ್ದುದೂ ಉಂಟು. ಕೊರಿಂಥದ ಆರ್ಖಿಯಾಸನೊಡನೆ ಸಿರಾಕ್ಯೂಸ್ ನಗರವನ್ನು ಸ್ಥಾಪಿಸಲು ಕ್ರಿ. ಪೂ. 733ರ ಸುಮಾರಿಗೆ ಹೊರಟವರಲ್ಲಿ ಐಥಿಯೋಪ್ಸನೆಂಬ ಒಬ್ಬ ತಿಂಡಿಪೋತನಿದ್ದನು. ತನಗೆ ಮುಂದೆ ಸಿಸಿಲಿಯಲ್ಲಿ ಬರಬೇಕಾಗಿದ್ದ ಪಾಲನ್ನು ಅವನು ಹಡಗಿನಲ್ಲಿಯೇ ಪಂಕ್ತಿಯ ಗೆಳೆಯನೊಬ್ಬನಿಗೆ ಜೇನುತುಪ್ಪದ ಒಂದು ಕಜ್ಜಾಯಕ್ಕಾಗಿ ಮಾರಿಬಿಟ್ಟನಂತೆ. ಸಿರಾಕ್ಯೂಸ್ ಮುಂದೆ ಗ್ರೀಕ್ ಲೋಕದ ಅತ್ಯಂತ ಸಂಪನ್ನವಾದ ನಗರಗಳಲ್ಲಿ ಒಂದಾದುದರಿಂದ, ಅಷ್ಟು ಬೆಲೆಯ ಕಜ್ಜಾಯವನ್ನು ತಿಂದವನು ಮತ್ತೊಬ್ಬನಿಲ್ಲವೆಂದು ಹೇಳಬೇಕು.

ಸಿಸಿಲಿಯ ಪೂರ್ವತೀರದಲ್ಲಿಯೇ ಮೆಗಾರಾ ಹಿಬ್ಲೈಯಾ ಎಂಬ ಮತ್ತೊಂದು ಪುರವು ಕ್ರಿ. ಪೂ. 728ರ ಸುಮಾರಿಗೆ ಹುಟ್ಟಿತು. 1949ರಿಂದ ಮೊದಲಾಗಿ ಫ್ರೆಂಚ್ ಪಂಡಿತರು ಅಲ್ಲಿ ನಡೆಸಿದ ಉತ್ಖನನದಿಂದ, ಮೊದಲ ತಲೆಮಾರಿನವರು ಊರನ್ನು ಹೇಗೆ ಹಾಕಿದರೆಂಬುದು ಕಣ್ಣಿಗೆ ಕಟ್ಟುವಂತೆ ತಿಳಿದುಬಂದಿದೆ. ಮೊದಲ ಮನೆಗಳು ನಾಲ್ಕು ಮೀಟರು ಉದ್ದಗಲದ ಒಂಟಿ ಕೋಣೆಗಳು. ಆದರೆ ಆ ಕೋಣೆ ನಿಂತಿರುವ ನಿವೇಶನ ಸುಮಾರು 120 ಚದರ ಮೀಟರಿನದು. ಒಂದು ಮೂಲೆಯಲ್ಲಿ ಗುಡಿಸಲಿನಂತಹ ಮನೆ, ಉಳಿದುದೆಲ್ಲ ಬರಿಯ ಹಿತ್ತಿಲು. ಮಕ್ಕಳು ಮೊಮ್ಮಕ್ಕಳ ಕಾಲಕ್ಕೆ ಅದೇ ಹಿತ್ತಿಲಿನಲ್ಲಿ ಕೋಣೆಗಳು ಒಂದೊಂದಾಗಿ ಎದ್ದು ನಡುವೆ ಅಂಗಳ ಉಳಿಯಿತು. ಊರ ನಡುವೆ, ಬೀದಿಗಳ ಎರಡು ಸಾಲುಗಳು ಓರೆಯಾಗಿ ಕೂಡುವ ಎಡೆಯಲ್ಲಿ, ಸಭೆಗೂ ಸಂತೆಗೂ ಬೇಕಾದ ಬಯಲನ್ನು ಬಿಟ್ಟಿದ್ದರು. ಅದರ ಸುತ್ತ ದೊಡ್ಡ ಕಟ್ಟಡಗಳೆದ್ದುದು ಸುಮಾರು ನೂರು ವರ್ಷಗಳಾದ ಮೇಲೆ. ಕೋಣೆಯೊಂದರಲ್ಲಿ ಮಲಗುತ್ತಿದ್ದ ಬಡವರು ನೂರು ವರ್ಷದ ಮುಂದಿನ ಮಂದಿಗಾಗಿ ಬಯಲನ್ನು ಕಾದಿರಿಸಿದರೆಂಬುದು ವಿಚಾರಾರ್ಹವಾದ ಸಂಗತಿ.

ನೀರಿನ ವಿಷಯದಲ್ಲಿ ಗ್ರೀಕರ ಎಚ್ಚರ ಎಷ್ಟೆಂಬುದಕ್ಕೆ ಸಾಮೋಸ್ ದ್ವೀಪದ ಸುರಂಗವೊಂದೇ ಸಾಕು. ಕ್ರಿ. ಪೂ. 6ನೆಯ ಶತಮಾನದಲ್ಲಿ ಮೆಗಾರಾದ ಯೂಪಲೀನೋಸನೆಂಬ ಶಿಲ್ಪಿ ಬೆಟ್ಟವೊಂದನ್ನು ಎರಡು ಕಡೆಯಿಂದಲೂ ಕೊರೆಯಿಸುತ್ತ ಬಂದು, 1036 ಮೀಟರು ಉದ್ದದ ಸುರಂಗವನ್ನು ಬೆಟ್ಟದ ಗರ್ಭದಲ್ಲಿ ಕೂಡಿಸಿ ಊರಿಗೆ ನೀರು ತಂದನು. ಪ್ರಿಯೇನೆ ಎಂಬ ಪುರವನ್ನು ಕ್ರಿ. ಪೂ. 350ರ ಸುಮಾರಿಗೆ ಕಡಿದಾದ ಬೆಟ್ಟದ ಇಳಿಜಾರಿನಲ್ಲಿ ಹೊಸದಾಗಿ ಹಾಕಿದಾಗಲೂ ಬೆಟ್ಟದ ಊಟೆಯಿಂದ ಮಣ್ಣಿನ ಕೊಳವೆಗಳ ಮೂಲಕ ನೀರು ಬೀದಿಬೀದಿಗೂ ಹರಿಯಿತು. ಅಲ್ಲಿ ನೇರವಾದ ಗೆರೆಯ ಮೇಲಿನ ವ್ಯಾಮೋಹ ಎಷ್ಟಿದ್ದಿತೆಂದರೆ, ಬೀದಿಯನ್ನು ಬಳಸಿ ಒಯ್ಯುವುದಕ್ಕೆ ಬದಲಾಗಿ ಬೀದಿಯನ್ನೇ ಮೆಟ್ಟಿಲು ಮಾಡಿದ್ದಾರೆ.

ನೇರಗೆರೆಯ ಮಾತು ಬಂದಾಗ ಹಿಪ್ಪೊಡಾಮಸನ ಹೆಸರನ್ನು ಬಿಡುವಂತಿಲ್ಲ. ಅವನು ಮಿಲೇಟಸ್ ನಗರದವನು. ಮಿಲೇಟಸ್ ಅಯೋನಿಯಾ ನಾಡಿನ ಮುಖ್ಯ ಪಟ್ಟಣ. ಆ ಅಯೋನಿಯಾ ಶಬ್ದವೇ ಪಾರಸಿಕರ ಬಾಯಲ್ಲಿ 'ಯೌನ' ಎಂದಾಗಿ, ಸಂಸ್ಕೃತದಲ್ಲಿ 'ಯವನ' ಎಂದು ನಿಂತಿತು. ಕ್ರಿ. ಪೂ. 494ರಲ್ಲಿ ಪಾರಸಿಕರು ಸುಟ್ಟ ಆ ಪಟ್ಟಣವನ್ನು ಮತ್ತೆ ಕಟ್ಟಿದಾಗ ಚದುರಂಗದ ಹಲಗೆಯಂತೆ ಮನೆಮನೆಯ ಸಾಲು ಹಾಕಿದರು. ಅಥೆನ್ಸಿನ ರೇವುಪಟ್ಟಣವಾದ ಪಿರೇಯಸ್ಸನ್ನು ಹಿಪ್ಪೊಡಾಮಸನು ಅದೇ ರೀತಿಯಲ್ಲಿ ವಿಂಗಡಿಸಿದನು. ಅಲ್ಲಿನ ಸಂತೆಯ ಬಯಲಿಗೆ ಅವನ ಹೆಸರೇ ನಿಂತಿತು. ಚೌಕಪಟ್ಟಣದ ಕಲ್ಪನೆಯೇ ಅವನದೆಂದು ಹಲವರು ಹೇಳುವುದುಂಟು, ಅದು ಸರಿಯಲ್ಲ. ಸಿಸಿಲಿಯಲ್ಲಿಯೂ ದಕ್ಷಿಣ ಇಟಲಿಯಲ್ಲಿಯೂ ಅವನಿಗಿಂತ ಬಹಳ ಹಿಂದೆಯೇ ಇಂತಹ ಊರುಗಳಿದ್ದುವು. ಅವನು ಹೊಸದಾಗಿ ಮಾಡಿದುದು, ಪುರದ ವಿಭಾಗವನ್ನು ಒಂದು ಶಾಸ್ತ್ರವಾಗಿ ಚಿಂತಿಸಿದುದು. ಅರಿಸ್ಟಾಟಲನು ಅವನ ಚಿತ್ರವನ್ನು ಸ್ವಲ್ಪ ಕುಚೋದ್ಯದಿಂದಲೇ ಬರೆದಿರುವನು: ನೀಳವಾದ ಕೂದಲು, ಬೆಲೆಬಾಳುವ ಒಡವೆ, ಅಗ್ಗವಾದರೂ ಬೆಚ್ಚಗಿನ ಉಡುಪು, ಅದೂ ಬೇಸಗೆಯಲ್ಲಿಯೂ! ಹತ್ತು ಸಾವಿರ ಮಂದಿಯ ಪುರ. ಅದರಲ್ಲಿ ಕುಶಲಕರ್ಮಿಗಳು, ಬೇಸಾಯಗಾರರು, ಯೋಧರು ಎಂಬ ಮೂರು ವರ್ಗ. ನೆಲದಲ್ಲಿ ದೇವರದು, ಸರ್ವರದು, ಸ್ವಂತದ್ದು ಎಂಬ ಮೂರು ಭಾಗ. ಇದು ಹಿಪ್ಪೊಡಾಮಸನ ಏರ್ಪಾಟು. ಅರಿಸ್ಟಾಟಲನ ಆಕ್ಷೇಪಣೆ ತೀಕ್ಷ್ಣವಾಗಿದೆ. ಬೇಸಾಯಗಾರನಿಗೆ ಆಯುಧವಿಲ್ಲ, ಕುಶಲಕರ್ಮಿಗೆ ಆಯುಧವೂ ಇಲ್ಲ ನೆಲವೂ ಇಲ್ಲ. ಆದುದರಿಂದ ಅವರಿಬ್ಬರೂ ಆಯುಧವುಳ್ಳವರಿಗೆ ದಾಸರಾಗದೆ ಗತಿಯಿಲ್ಲ. ಗೆರೆಯನ್ನು ನೇರವಾಗಿ ಎಳೆದ ಮಾತ್ರಕ್ಕೆ ಪಾಲು ನೇರವಾಗುವುದಿಲ್ಲವೆಂಬ ಈ ಆಕ್ಷೇಪಣೆ ಎಷ್ಟು ಸತ್ಯವೆಂಬುದು ಥೂರಿಯೈ ನಗರದಲ್ಲಿ ಅದಕ್ಕೆ ಮೊದಲೇ ರಕ್ತದಲ್ಲಿ ಬರೆದುಹೋಗಿದ್ದಿತು.

ದಕ್ಷಿಣ ಇಟಲಿಯಲ್ಲಿ ಸಿಬಾರಿಸ್ ಎಂಬ ಭೋಗಪುರವನ್ನು ನೆರೆಯ ಕ್ರೋಟೋನಿನವರು ಕ್ರಿ. ಪೂ. 510ರಲ್ಲಿ ನಾಶಮಾಡಿದ್ದರು. ಅಲ್ಲಿಂದ ಚೆದರಿದವರ ಸಂತತಿ ಮತ್ತೆ ಅಲ್ಲಿಯೇ ನೆಲೆಸಲು ಯತ್ನಿಸಿ, ಮತ್ತೆ ಓಡಿಸಲ್ಪಟ್ಟು, ಸ್ಪಾರ್ಟಾ ಅಥೆನ್ಸುಗಳ ನೆರವನ್ನು ಬೇಡಿತು. ಸ್ಪಾರ್ಟಾ ಒಲ್ಲೆನೆಂದಿತು, ಅಥೆನ್ಸು ಹತ್ತು ಹಡಗುಗಳನ್ನು ಕಳುಹಿಸಿ, ಬರುವ ಮನಸ್ಸುಳ್ಳ ಗ್ರೀಕರೆಲ್ಲರನ್ನೂ ಆಹ್ವಾನಿಸಿತು. ನೀರನ್ನು ಅಳೆದು ಕುಡಿದು ಅನ್ನವನ್ನು ಅಳೆಯದೆ ಉಣ್ಣುವ ಎಡೆಯಲ್ಲಿ ಊರು ಕಟ್ಟಿರೆಂದು ದೇವರ ಅಪ್ಪಣೆಯಾಗಿದ್ದಿತು. ಸಿಬಾರಿಸಿನ ಸಮೀಪದಲ್ಲಿ ಥೂರಿಯಾ ಎಂಬ ಊಟೆಗೆ ಕಂಚಿನ ಕೊಳವೆಯೊಂದಿದ್ದು ಅದನ್ನು ಅಲ್ಲಿನವರು 'ಮೆಡಿಮ್ನೋಸ್' ಎನ್ನುತ್ತಿದ್ದರು. ಅದು ಧಾನ್ಯದ ಅಳತೆಯ ಹೆಸರು, ನಮ್ಮಲ್ಲಿ ಕೊಳಗವೆಂದಂತೆ. ಅಪ್ಪಣೆಯ ಒಗಟು ಬಿಡಿಸಿತೆಂದು ಅಲ್ಲಿಯೇ ಊರು ಹಾಕಿದರು. ಉದ್ದಕ್ಕೆ ನಾಲ್ಕು ರಾಜಬೀದಿಗಳು, ಅಡ್ಡಕ್ಕೆ ಮೂರು. ಒಂದೊಂದಕ್ಕೂ ದೇವರ, ವೀರರ, ಊಟೆಯ ಹೆಸರು. ಈ ಯೋಜನೆಯೊಡನೆ ಹಿಪ್ಪೊಡಾಮಸನ ಹೆಸರನ್ನು ಸಂಪ್ರದಾಯವು ಜೋಡಿಸಿದೆ. ಶಾಸನಗಳನ್ನು ಬರೆದವನು ಪ್ರೊಟಾಗೊರಸನೆಂಬ ತತ್ತ್ವಜ್ಞನೆಂದು ಹೇಳುವರು. ಹೆರೊಡೋಟಸನೂ ಅಲ್ಲಿಗೆ ಹೋಗಿ ನೆಲೆಸಿದನು. ಕ್ರಿ. ಪೂ. 444-443ರಲ್ಲಿ ಇಷ್ಟು ಮೇಧಾವಿಗಳ ಕೈಯಿಂದ ಹುಟ್ಟಿದ ಪುರವು ಜಗತ್ತಿನಲ್ಲಿ ವಿರಳ.

ಆದರೂ ಸ್ವಲ್ಪಕಾಲದಲ್ಲಿಯೇ ಒಡಕು ಹುಟ್ಟಿತು. ಹಳೆಯ ಸಿಬಾರಿಸಿನವರು ತಾವೇ ಮೂಲದವರೆಂದು ದೊಡ್ಡ ಅಧಿಕಾರಗಳನ್ನೆಲ್ಲ ತಮ್ಮಲ್ಲಿಟ್ಟುಕೊಂಡು, ಹೊಸಬರಿಗೆ ಕ್ಷುಲ್ಲಕವಾದುವನ್ನು ಬಿಟ್ಟರು. ದೇವರ ಬಲಿಪೂಜೆಯಲ್ಲಿ ತಮ್ಮ ಹೆಂಗಸರಿಗೇ ಅಗ್ರಪಂಕ್ತಿಯೆಂದರು. ಎಲ್ಲಕ್ಕೂ ಮಿಗಿಲಾಗಿ, ಊರಿಗೆ ಹತ್ತಿರವಾದ ಹೊಲಗಳನ್ನು ತಾವು ಹಂಚಿಕೊಂಡು ದೂರದವನ್ನು ಹೊಸಬರಿಗೆ ಕೊಟ್ಟರು. ಹತ್ತಿರದ ಹೊಲವೆಂದರೆ ಹೊತ್ತು ಮುಳುಗುವ ಮುಂಚೆ ಮನೆ ಸೇರುವ ದುಡಿಮೆ. ದೂರದ ಹೊಲವೆಂದರೆ ನಿತ್ಯವೂ ನಡೆದು ಸೋಲುವ ಕಾಲು, ಕಾಳಗ ಬಂದಾಗ ಮೊದಲು ಸುಡುವ ಪೈರು. ಇದು ಬೇಸಾಯದ ಮನೆಯಲ್ಲಿ ಹುಟ್ಟಿದ ಯಾರಿಗೂ ವಿವರಿಸಬೇಕಾದ ಮಾತಲ್ಲ. ಹೊಸಬರು ಸಂಖ್ಯೆಯಲ್ಲಿಯೂ ಬಲದಲ್ಲಿಯೂ ಹೆಚ್ಚಿದ್ದರು. ಅವರು ಎದ್ದು ಸಿಬಾರಿಸಿನವರಲ್ಲಿ ಬಹುಮಟ್ಟಿಗೆ ಎಲ್ಲರನ್ನೂ ಕೊಂದರೆಂದು ಡಿಯೊಡೋರಸನು ಬರೆದಿರುವನು. ಬಳಿಕ ಗ್ರೀಸಿನಿಂದ ಮತ್ತಷ್ಟು ಜನರನ್ನು ಕರೆಯಿಸಿ, ಹತ್ತು ಗಣಗಳಾಗಿ ವಿಂಗಡಿಸಿ, ನೆಲವನ್ನು ಸಮನಾಗಿ ಹಂಚಿಕೊಂಡರು. ಹತ್ತು ವರ್ಷ ಕಳೆಯುವಷ್ಟರಲ್ಲಿ, ಪುರದ ಪ್ರತಿಷ್ಠಾಪಕನು ಯಾರೆಂಬ ವಿಷಯದಲ್ಲಿ ಮತ್ತೆ ಕಲಹ; ಡೆಲ್ಫಿಯ ಅಪೋಲೋ ತಾನೇ ಪ್ರತಿಷ್ಠಾಪಕನೆಂದು ಹೇಳಿ ಅದನ್ನು ಶಮನಗೊಳಿಸಬೇಕಾಯಿತು.

ಈ ಅನುಭವದ ನೆರಳು ತತ್ತ್ವಜ್ಞರ ಗ್ರಂಥಗಳಲ್ಲಿ ಬಿದ್ದಂತೆ ಕಾಣುವುದು. ಪ್ಲೇಟೋ ತನ್ನ ಇಳಿವಯಸ್ಸಿನಲ್ಲಿ ಬರೆದ 'ನೋಮೋಯ್' ಎಂಬ ಧರ್ಮಶಾಸ್ತ್ರಗ್ರಂಥದಲ್ಲಿ ಹೊಸ ಪುರಕ್ಕೆ 5040 ಪಾಲುಗಳನ್ನು ವಿಧಿಸುವನು. ಒಂದರಿಂದ ಹತ್ತರವರೆಗಿನ ಯಾವ ಸಂಖ್ಯೆಯಿಂದಲೂ ಅದು ನಿಶ್ಶೇಷವಾಗಿ ಭಾಗವಾಗುವುದು. ಪ್ರತಿಯೊಂದು ಪಾಲಿಗೂ ಎರಡು ತುಂಡು: ಊರಿಗೆ ಅತಿ ಸಮೀಪದ ತುಂಡಿಗೆ ಎಲ್ಲೆಗೆ ಅತಿ ಸಮೀಪದ ತುಂಡು ಜೋಡಿ. ಅರಿಸ್ಟಾಟಲನು ಒಂದು ಕಡೆ ಪ್ಲೇಟೋ ಹೇಳಿದ ಎರಡು ಮನೆಗಳ ಸಂಸಾರವನ್ನು ಆಕ್ಷೇಪಿಸಿ, ಮತ್ತೊಂದು ಕಡೆ ತಾನೂ ಎರಡು ಹೊಲಗಳನ್ನೇ ವಿಧಿಸುವನು. ಎಲ್ಲೆಯಲ್ಲಿ ಹೊಲವಿಲ್ಲದವನು ಯುದ್ಧವನ್ನು ಹಗುರವಾಗಿ ಎಣಿಸುವನು, ಇದ್ದವನು ಅತಿಯಾಗಿ ಅಂಜುವನು ಎಂಬುದು ಅವನ ವಾದ. ಇದು ಗ್ರಂಥದ ಮಾತಾಯಿತು. ಕಲ್ಲಿನ ಮಾತು ಏಡ್ರಿಯಾಟಿಕ್ ಸಮುದ್ರದ ಕೋರ್ಚುಲಾ ದ್ವೀಪದಲ್ಲಿ ದೊರೆತಿದೆ. ಅಲ್ಲಿಗೆ ಬಂದ ಗ್ರೀಕರ ಶಾಸನದಂತೆ, ಮೊದಲು ನೆಲವನ್ನು ಹಿಡಿದು ಗೋಡೆ ಕಟ್ಟಿದವರಿಗೆ ಊರೊಳಗೆ ನಿವೇಶನವೂ ಹೊರಗೆ ಆಯ್ದ ಭೂಮಿಯಲ್ಲಿ ಮೂರು ಪ್ಲೆಥ್ರಗಳೂ ಸಲ್ಲುವುವು. ತಡವಾಗಿ ಬರುವವರಿಗೆ ಇನ್ನೂ ಹಂಚದೆ ಉಳಿದ ಭೂಮಿಯಲ್ಲಿ ನಾಲ್ಕೂವರೆ ಪ್ಲೆಥ್ರ. ಹಂಚಿದುದನ್ನು ಮತ್ತೆ ಹಂಚೆವೆಂದು ಅಧಿಕಾರಿಗಳು ಆಣೆಯಿಡಬೇಕು. ಮುಂಚೆ ಬಂದವನಿಗೆ ಗುಣದಲ್ಲಿ ಹೆಚ್ಚು, ಹಿಂದೆ ಬಂದವನಿಗೆ ಪ್ರಮಾಣದಲ್ಲಿ ಹೆಚ್ಚು! ಥೂರಿಯೈ ನಗರದವರಿಗೆ ಹೊಳೆಯದ ಯುಕ್ತಿ ಈ ಹೆಸರಿಲ್ಲದ ಹಳ್ಳಿಗರಿಗೆ ಹೊಳೆದಿದ್ದಿತು. ಆ ಶಾಸನದ ಮೊದಲಲ್ಲಿ ಪಿಲ್ಲೋಸ್, ದಾಜೋಸ್ ಎಂಬ ಇಬ್ಬರು ಸ್ಥಳೀಯ ಪ್ರಭುಗಳೊಡನೆ ಆದ ಒಪ್ಪಂದದ ಮಾತೂ ಇದೆ.

ಆಟದ ತೆರೆಯ ಮೇಲೆ ನೆಲ ಬರಿದಾಗಿರುವುದು, ಯಾರನ್ನೂ ಕೇಳಬೇಕಾದುದಿಲ್ಲ. ನಿಜವಾದ ನೆಲದಲ್ಲಿ ಪಿಲ್ಲೋಸನಂತಹವನೊಬ್ಬನು ಎಲ್ಲೆಲ್ಲಿಯೂ ಇದ್ದನು. ಒಪ್ಪಂದವಾಗದ ಎಡೆಯಲ್ಲಿ ಏನಾಯಿತೆಂಬುದನ್ನು ಗ್ರೀಕರೇ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ. ಅಥೆನ್ಸಿನ ಅಗ್ನಿಕುಂಡದಿಂದ ಹೊರಟು ಮಿಲೇಟಸ್ ಪ್ರದೇಶವನ್ನು ಹಿಡಿದವರು ಹೆಂಗಸರನ್ನು ಕರೆತಂದಿರಲಿಲ್ಲ. ಅವರು ಕಾರಿಯಾ ನಾಡಿನ ಗಂಡಸರನ್ನು ಕೊಂದು ಅವರ ಹೆಂಗಸರನ್ನು ಮದುವೆಯಾದರು. ಆ ಹೆಂಗಸರು ತಂದೆಯನ್ನೂ ಗಂಡನನ್ನೂ ಮಕ್ಕಳನ್ನೂ ಕೊಂದವರೊಡನೆ ಕುಳಿತು ಉಣ್ಣುವುದಿಲ್ಲ, ಅವರನ್ನು ಹೆಸರುಹಿಡಿದು ಕರೆಯುವುದಿಲ್ಲವೆಂದು ಆಣೆಯಿಟ್ಟು, ಆ ಆಣೆಯನ್ನು ಹೆಣ್ಣುಮಕ್ಕಳಿಗೂ ಕಲಿಸಿಹೋದರು. ಗಂಡನ ಹೆಸರನ್ನು ಹೇಳದಿರುವ ಪದ್ಧತಿ ನಮ್ಮ ಮನೆಗಳಲ್ಲಿಯೂ ಇದ್ದಿತು. ಇಲ್ಲಿ ಅದು ಗೌರವ, ಅಲ್ಲಿ ಅದು ಆರದ ಹಗೆ. ಕಿರೇನೆಯಲ್ಲಿಯೂ ಮೂರನೆಯ ಅರಸನ ಕಾಲಕ್ಕೆ, ಭೂಮಿಯನ್ನು ಹಂಚುತ್ತೇವೆ ಬನ್ನಿರೆಂದು ಗ್ರೀಕರಿಗೆಲ್ಲ ಕರೆ ಹೋಯಿತು. ದಾರಿ ತೋರಿಸಿದ ಲಿಬಿಯನ್ನರ ಹೊಲಗಳೇ ಆ ಹಂಚಿಕೆಗೆ ಗುರಿಯಾದುವು. ಅವರು ಈಜಿಪ್ಟಿನ ಅರಸನಾದ ಏಪ್ರೀಸನ ಮೊರೆಹೊಕ್ಕರು; ಕ್ರಿ. ಪೂ. 570ರ ಸುಮಾರಿಗೆ ಅವನ ಸೈನ್ಯವು ಸೋತಿತು. ಆ ಕಾಳಗ ನಡೆದುದು ಇರಾಸಾದಲ್ಲಿ. ಹಿಂದೊಮ್ಮೆ ರಾತ್ರಿಯಲ್ಲಿ ದಾಟಿಸಿದ ಅದೇ ನೆಲದಲ್ಲಿ.

ಮೆಗಾರಾ ಹಿಬ್ಲೈಯಾಕ್ಕೆ ನೆಲ ಬಂದ ಬಗೆ ಬೇರೆ. ಲಾಮಿಸನೆಂಬ ನಾಯಕನೊಡನೆ ಬಂದವರು ಎರಡು ಮೂರು ಕಡೆ ನೆಲೆ ತಪ್ಪಿ, ನಾಯಕನನ್ನೂ ಕಳೆದುಕೊಂಡು ಅಲೆಯುತ್ತಿರುವಾಗ, ಸಿಕೆಲ್ ಜನರ ಅರಸನಾದ ಹಿಬ್ಲೋನನು ತಾನಾಗಿ ಭೂಮಿಯನ್ನು ಕೊಟ್ಟನು. ಊರ ಹೆಸರಿನಲ್ಲಿ ಅವನ ಹೆಸರು ಇಂದಿಗೂ ಇದೆ. ಅಲ್ಲಿ ಅವರು 245 ವರ್ಷ ಬಾಳಿದರೆಂದು ಥುಸಿಡಿಡೀಸನು ಲೆಕ್ಕ ಕೊಟ್ಟಿರುವನು. ಮೊದಲು ಸಮನಾಗಿ ಅಳೆದು ಕೊಟ್ಟ ನಿವೇಶನಗಳ ಒಡೆಯರಲ್ಲಿ ಅಷ್ಟರೊಳಗೆ ಉಳ್ಳವರೂ ಇಲ್ಲದವರೂ ಆಗಿದ್ದರು. ಕ್ರಿ. ಪೂ. 483ರ ಸುಮಾರಿಗೆ ಸಿರಾಕ್ಯೂಸಿನ ಗೆಲೋನನು ಊರನ್ನು ಮುತ್ತಿದನು. ಅವನ ಮೇಲೆ ಯುದ್ಧವನ್ನು ಹೂಡಿದವರು ಉಳ್ಳವರು. ತಮಗೆ ಕೊಲೆಯೇ ಗತಿಯೆಂದು ಅವರು ಎಣಿಸಿದ್ದರು. ಗೆಲೋನನು ಅವರನ್ನು ಸಿರಾಕ್ಯೂಸಿಗೆ ಕರೆದೊಯ್ದು ಪೌರರನ್ನಾಗಿ ಮಾಡಿಕೊಂಡನು. ಯುದ್ಧದಲ್ಲಿ ಪಾಲಿಲ್ಲದ, ಕೇಡನ್ನು ನಿರೀಕ್ಷಿಸದಿದ್ದ ಸಾಮಾನ್ಯ ಜನರನ್ನು ಸಿಸಿಲಿಯಿಂದ ಹೊರಗೊಯ್ಯಬೇಕೆಂಬ ಷರತ್ತಿನ ಮೇಲೆ ಗುಲಾಮರಾಗಿ ಮಾರಿದನು. ಬಡಜನರೊಡನೆ ವಾಸಮಾಡುವುದು ಅವನಿಗೆ ಅಹಿತವೆನಿಸಿದ್ದಿತೆಂದು ಹೆರೊಡೋಟಸನು ಕಾರಣವನ್ನು ಕೊಡುವನು. ಉತ್ಖನನವಾದ ಎಡೆಯಲ್ಲಿ ಇಂದು ಬೀದಿಯ ಗೆರೆಗಳೂ ನಡುವಣ ಬಯಲೂ ಒಂದೊಂದು ನಿವೇಶನದ ಮೂಲೆಯಲ್ಲಿ ಮೊದಲ ಕೋಣೆಯ ತಳಪಾಯವೂ ಕಾಣುತ್ತವೆ.